ನೀರು ಬಿಡುವವನಿಗೆ ಎಷ್ಟು ಸ್ಟಾರ್?

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಹ್ಯಾಕಥಾನ್‌ಗಳನ್ನು ಈಗಿರೋ ರೂಪದಲ್ಲಿ ನಿಲ್ಲಿಸಬೇಕು. ಸುತ್ತಿ ಬಳಸಿ ಹೇಳೋದು ನನಗೆ ಬರಲ್ಲ, ಅದಕ್ಕೇ ಮೊದಲ ಸಾಲಲ್ಲೇ ಹೇಳಿಬಿಟ್ಟೆ. ಐದಾರು ವರ್ಷದಿಂದ ಮೆಂಟರ್ ಅಂತಲೋ ಜ್ಯೂರಿ ಅಂತಲೋ ಇಂಥ ಹತ್ತು ಹನ್ನೆರಡು ಕಡೆ ಹೋಗಿ ಕೂತಿದ್ದೀನಿ. ಅಲ್ಲಿ ಕೊಟ್ಟ ಟೀ-ಶರ್ಟ್‌ಗಳಿಂದ ಬೀರುವಿನ ಒಂದು ಅರೆ ತುಂಬಿದೆ. ಅಲ್ಲಿ ಗೆದ್ದ ಒಂದೇ ಒಂದು ಆ್ಯಪ್ ಆರು ತಿಂಗಳಾದ ಮೇಲೆ ಯಾರದಾದರೂ ಫೋನಿನಲ್ಲಿ ಉಳಿದಿದ್ದನ್ನು ಮಾತ್ರ ನೋಡಿಲ್ಲ.

ಅದು ನನ್ನ ತಕರಾರಲ್ಲ. ಓದೋ ಹುಡುಗರು ಮಾಡಿದ್ದು ಉಳಿಯದಿದ್ದರೆ ಆಕಾಶ ಕಳಚಿ ಬೀಳೋದಿಲ್ಲ. ನನಗೆ ಸಿಟ್ಟು ಬರೋದು ಅಲ್ಲಿಂದ ಅವರು ಕಲಿತು ಹೊರಡೋ ಪಾಠದ ಮೇಲೆ. ಯಾರ ಕಷ್ಟವನ್ನು ಬಗೆಹರಿಸ್ತೀವಿ ಅಂತ ಹೊರಟಿದ್ದೀವೋ, ಅವರನ್ನು ಒಂದು ಮಾತೂ ಕೇಳದೆ ಬಗೆಹರಿಸಬಹುದು ಅನ್ನೋದು ಆ ಪಾಠ. ಅದಕ್ಕೆ ನಾವು ಚಪ್ಪಾಳೆ ತಟ್ಟಿ, ದೊಡ್ಡ ಚೆಕ್ಕಿನ ಜೊತೆ ಫೋಟೋ ತೆಗೆಸಿ ಕಳಿಸ್ತೀವಿ.

ಈ ಪದ ಹುಟ್ಟಿದ ಜಾಗವನ್ನು ಒಮ್ಮೆ ನೋಡಿ. 1999ರ ಜೂನ್‌ನಲ್ಲಿ ಓಪನ್‌ಬಿಎಸ್‌ಡಿ ಬಳಗದ 10 ಮಂದಿ ಕೆನಡಾದ ಕ್ಯಾಲ್ಗರಿಯಲ್ಲಿ ಸೇರಿದರು. ಮಾಹಿತಿಯನ್ನು ಗುಪ್ತವಾಗಿಡೋ ಸಾಫ್ಟ್‌ವೇರನ್ನು ಹೊರದೇಶಕ್ಕೆ ಕಳಿಸೋಕೆ ಅಮೆರಿಕದಲ್ಲಿ ಆಗ ನೂರೆಂಟು ಕಟ್ಟುಪಾಡು, ಹಾಗಾಗಿ ಕೆನಡಾ. ತಾವೇ ಬಳಸೋ ಆಪರೇಟಿಂಗ್ ಸಿಸ್ಟಮ್‌ನ ಕೋಡನ್ನು ತಾವೇ ತಿದ್ದೋಕೆ ಕೂತಿದ್ದರು. ಅದೇ ಬಳಗ ಅದೇ ವರ್ಷದ ಕೊನೆಗೆ ಓಪನ್‌ಎಸ್‌ಎಸ್‌ಎಚ್ ಕೊಟ್ಟಿತು. ಬೆಳಿಗ್ಗೆ ಕಾಫಿ ಮುಗಿಯೋ ಮುಂಚೆ ಸರ್ವರ್‌ಗೆ ಲಾಗಿನ್ ಆಗ್ತೀರಲ್ಲ, ಅದೇ. ಅಂದ್ರೆ ಹ್ಯಾಕಥಾನ್ ಅಂದ್ರೆ ಮೂಲದಲ್ಲಿ ಇಷ್ಟೇ: ಸಮಸ್ಯೆ ಯಾರದೋ ಅವರೇ ಕೂತು ರಿಪೇರಿ ಮಾಡಿಕೊಳ್ಳೋದು.

ನಮ್ಮಲ್ಲಿ ಇದು ಹಬ್ಬ ಆಗಿದ್ದು 2017ರಲ್ಲಿ ಕೇಂದ್ರ ಸರ್ಕಾರದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಶುರುವಾದ ಮೇಲೆ. ಸಚಿವಾಲಯಗಳು ಸಮಸ್ಯೆಗಳ ಪಟ್ಟಿ ಕೊಡೋದು, ಆರು ಆರು ಮಂದಿಯ ತಂಡಗಳು 36 ಗಂಟೆ ಬಿಡದೆ ಕೂತು ಪರಿಹಾರ ಕಟ್ಟೋದು. ಅದನ್ನು ನೋಡಿಕೊಂಡು ಪ್ರತಿ ಕಾಲೇಜಿಗೂ ತನ್ನದೇ ಒಂದು ಬೇಕಾಯ್ತು. ಪ್ಲೇಸ್‌ಮೆಂಟ್ ಸೆಲ್‌ಗೆ ಬ್ರೋಷರ್‌ನಲ್ಲಿ ಫೋಟೋ ಬೇಕು, ಹುಡುಗರಿಗೆ ರೆಸ್ಯೂಮೆಯಲ್ಲಿ ಒಂದು ಸಾಲು ಬೇಕು, ನಮ್ಮ ಕಂಪನಿಗಳಿಗೆ ಬ್ಯಾನರ್ ಬೇಕು. ಎಲ್ಲರಿಗೂ ಏನೋ ಒಂದು ಸಿಗುತ್ತೆ. ಪಟ್ಟಿಯಲ್ಲಿ ಯಾರ ಸಮಸ್ಯೆ ಇತ್ತೋ ಅವರಿಗೊಬ್ಬರಿಗೆ ಏನೂ ಸಿಗಲ್ಲ.

ಮಾತನ್ನು ಗಾಳಿಯಲ್ಲಿ ಬಿಡೋದು ಬೇಡ. ನಾನು ಕೊನೆಯ ಸಲ ಹೋಗಿದ್ದು ಬೇಗೂರಿನ ಕಡೆಯ ಒಂದು ಕಾಲೇಜಿಗೆ. ಬೆಂಗಳೂರು ಅನ್ನೋ ಹೆಸರು ಸಿಕ್ಕಿರೋ ಅತಿ ಹಳೆಯ ಶಾಸನ ಬೇಗೂರಿನದು. ಗಂಗರ ಕಾಲದ್ದು, ಸುಮಾರು 890ರ ಹೊತ್ತಿನದು. ಊರಿನ ಹೆಸರು ಅಷ್ಟು ಮೊದಲೇ ಬಂತು. ನಗರದ ಅಂಚಿನ ಬಡಾವಣೆಗಳಿಗೆ ನಲ್ಲಿ ನೀರು ಬರೋಕೆ ಮಾತ್ರ ಅದಾಗಿ ಸಾವಿರದ ನೂರು ವರ್ಷ ಹಿಡಿಯಿತು. 2007ರಲ್ಲಿ ಬಿಬಿಎಂಪಿ ಆದಾಗ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆ ಅಂತ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ಅದೇ ವರ್ಷದ ಮಾರ್ಚ್‌ನಲ್ಲಿ ಬೋರ್‌ವೆಲ್ಲುಗಳು ಬತ್ತಿ, 12,000 ಲೀಟರಿನ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ಜಿಲ್ಲಾಡಳಿತವೇ ದರ ಕಟ್ಟಬೇಕಾಗಿ ಬಂದದ್ದು ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಇನ್ನೂ ನೆನಪಿರುತ್ತೆ.

ಹಾಗಾಗಿ ಹ್ಯಾಕಥಾನ್‌ನ ವಿಷಯ ನೀರು. ಸರಿಯಾದ ವಿಷಯವೇ. 40ಕ್ಕೂ ಹೆಚ್ಚು ತಂಡ, 24 ಗಂಟೆ, ಪಿಜ್ಜಾ, ಎನರ್ಜಿ ಡ್ರಿಂಕು. ಓಲಾ ಥರ ಟ್ಯಾಂಕರ್ ಬುಕ್ ಮಾಡೋ ಆ್ಯಪ್ ಆರು ಇದ್ದವು. ನೀರಿಗೆ ಬ್ಲಾಕ್‌ಚೈನ್ ಯಾಕೆ ಅಂತ ಕೇಳಿದ್ದಕ್ಕೆ ಒಬ್ಬ ಹುಡುಗ "ಟ್ರಾನ್ಸ್‌ಪರೆನ್ಸಿ ಸರ್" ಅಂದ. ನೀರಿಗಿಂತ ಪಾರದರ್ಶಕ ಏನಿದೆಯಪ್ಪಾ ಅಂದೆ, ಪಾಪ ನಕ್ಕ.

ಗೆದ್ದದ್ದು ಬೇರೆ ಆ್ಯಪ್. ನಿಮ್ಮ ಬೀದಿಗೆ ಇವತ್ತು ಎಷ್ಟು ಗಂಟೆಗೆ ನೀರು ಬರುತ್ತೆ ಅಂತ ಅದು ಹೇಳುತ್ತೆ. ಬಣ್ಣ ಚೆನ್ನಾಗಿತ್ತು, ಹನಿ ಬೀಳೋ ಅನಿಮೇಷನ್ ಇನ್ನೂ ಚೆನ್ನಾಗಿತ್ತು. ನೀರು ನಿಂತ ಮೇಲೆ ನಿಮ್ಮ ಬೀದಿಗೆ ನೀರು ಬಿಡೋ ವಾಲ್ವ್‌ಮನ್‌ಗೆ ನೀವು ಸ್ಟಾರ್ ಕೊಡಬಹುದು. ಒಂದರಿಂದ ಐದು. ಒಂದು ವಾರದಲ್ಲಿ ಮೂರು ಸಲ ಎರಡಕ್ಕಿಂತ ಕಡಿಮೆ ಬಂದರೆ ಅವನ ಮೇಲೆ ದೂರು ತಾನಾಗೇ ಗುತ್ತಿಗೆದಾರನಿಗೆ ಹೋಗುತ್ತೆ. ಸ್ಕ್ರೀನಿನಲ್ಲಿ ನಕಲಿ ಹೆಸರಿನ ಒಬ್ಬ ವಾಲ್ವ್‌ಮನ್, ನಕಲಿ ಮುಖ, 1.8 ಸ್ಟಾರ್, ಪಕ್ಕದಲ್ಲಿ ಕೆಂಪು ಬಟನ್. ಸಭಾಂಗಣದಲ್ಲಿ ಸಿಳ್ಳೆ.

ಆ ತಂಡದ ನಾಲ್ವರನ್ನು ರಾತ್ರಿ ಮೆಂಟರಿಂಗ್ ಹೊತ್ತಲ್ಲೇ ಕೇಳಿದ್ದೆ: ನೀವು ಯಾರಾದರೂ ಒಬ್ಬ ವಾಲ್ವ್‌ಮನ್ ಜೊತೆ ಮಾತಾಡಿದ್ದೀರಾ? ಇಲ್ಲ. ನೋಡಿದ್ದೀರಾ? ಒಬ್ಬಳು, ಮನೆ ಹತ್ತಿರ ನೋಡಿದ್ದೀನಿ ಅಂದಳು. ಮಾತಾಡೋಕೆ ಟೈಮ್ ಎಲ್ಲಿದೆ ಸರ್, ಬೆಳಿಗ್ಗೆ 10ಕ್ಕೆ ಸಬ್ಮಿಷನ್ ಅಂದರು. ನಿಜ, ಟೈಮ್ ಇರಲಿಲ್ಲ. 24 ಗಂಟೆ ಅನ್ನೋ ನಿಯಮವನ್ನು ಅವರು ಮಾಡಿದ್ದಲ್ಲ, ನಾವು ಮಾಡಿದ್ದು.

ಬೆಳಗಿನ ಜಾವ ಐದೂಕಾಲು ಇರಬಹುದು. ನಿದ್ದೆ ತಡೆಯೋಕಾಗದೆ ಟೀ ಕುಡಿಯೋಣ ಅಂತ ಗೇಟು ದಾಟಿ ಬೇಗೂರು ಮುಖ್ಯರಸ್ತೆ ಕಡೆ ನಡೆದೆ. ಟೀ ಅಂಗಡಿ ಮುಂದೆ ಒಂದು ಟಿವಿಎಸ್ ಎಕ್ಸೆಲ್, ಅದರ ಪಕ್ಕಕ್ಕೆ ಕಟ್ಟಿದ ಆಳೆತ್ತರದ ಕಬ್ಬಿಣದ ಕೀ. ವಾಲ್ವ್ ತಿರುಗಿಸೋ ಕೀ. ಅದರ ಯಜಮಾನ ನನ್ನನ್ನೇ ನೋಡ್ತಾ ಇದ್ದವನು, ಶಾಲೆಯಲ್ಲಿ ನನಗಿದ್ದ ಅಡ್ಡಹೆಸರು ಹಿಡಿದು ಕರೆದ. ಆ ಹೆಸರು ಇಲ್ಲಿ ಬರೆಯಲ್ಲ. ಅವನ ಹೆಸರೂ ಬರೆಯಲ್ಲ, ಬೇಡ ಅಂದಿದ್ದಾನೆ.

ಶಿರಾ ತಾಲೂಕಿನ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಂದ ಎಸ್ಸೆಸ್ಸೆಲ್ಸಿವರೆಗೆ ಒಂದೇ ಬೆಂಚು. ಕೊನೆಯ ಸಲ ನೋಡಿದ್ದು 2004ರಲ್ಲಿ, ರಿಸಲ್ಟ್ ದಿನ. ಕೆರೆಯಲ್ಲಿ ಈಜು ಕಲಿಸಿದವನು ಅವನೇ. ಅವರ ತಾತ ನಮ್ಮೂರ ಕೊನೆಯ ನೀರುಗಂಟಿ. ಬೆಂಗಳೂರಲ್ಲೇ ಹುಟ್ಟಿದವರಿಗೆ ಈ ಪದ ಹೊಸದಿರಬಹುದು. ಕೆರೆಯ ತೂಬು ಎತ್ತೋದು, ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ಲೆಕ್ಕ ಹಾಕೋದು, ಕಾಲುವೆಯ ತುದಿಯ ಗದ್ದೆಗೂ ನೀರು ಮುಟ್ಟಿಸೋದು ನೀರುಗಂಟಿ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಒಬ್ಬೊಬ್ಬ ರೈತನೂ ಇಷ್ಟು ಅಂತ ಧಾನ್ಯ ಅಳೆದು ಕೊಡಬೇಕು. ಆ ಕೆಲಸವನ್ನು ಊರಿನ ಯಾವ ಕೇರಿಗೆ ಕಟ್ಟಿಹಾಕಿದ್ದರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ವಂಶಪಾರಂಪರ್ಯದ ಇಂಥ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಹುದ್ದೆ ಹೋಯ್ತು, ಕೆಲಸ ಹೋಗಲಿಲ್ಲ. ಮೊಮ್ಮಗ ಬೆಂಗಳೂರಿಗೆ ಬಂದು ಗುತ್ತಿಗೆದಾರನೊಬ್ಬನ ಕೈಕೆಳಗೆ ಅದೇ ಕೆಲಸ ಮಾಡ್ತಿದ್ದಾನೆ. ತಾತನ ಕೈಲಿ ತೂಬು, ಇವನ ಕೈಲಿ ಕೀ.

ಎರಡು ಟೀ ಕುಡಿಯೋ ಅಷ್ಟರಲ್ಲಿ ಒಳಗೆ ಏನು ನಡೀತಿದೆ ಅಂತ ಕೇಳಿದ. ಹೇಳಿದೆ. ಸ್ಟಾರ್ ವಿಷಯಕ್ಕೆ ಬಂದಾಗ ನಗಲಿಲ್ಲ.

"ನೀರು ಬಿಡೋದು ನನ್ನ ಕೈಲಿಲ್ಲ ಕಣೋ. ಕೀ ಮಾತ್ರ ನನ್ನ ಕೈಲಿರೋದು" ಅಂದ.

ಆಮೇಲೆ ಬಿಡಿಸಿ ಹೇಳಿದ. ಮೇಲಿಂದ ಪಂಪಿಂಗ್ ಎಷ್ಟು ಹೊತ್ತಿಗೆ ಶುರು, ಒತ್ತಡ ಎಷ್ಟಿರುತ್ತೆ, ಕರೆಂಟ್ ಹೋಗಿದೆಯೋ ಅನ್ನೋದು ಅವನಿಗೆ ಮೊದಲೇ ತಿಳಿಯಲ್ಲ. ಪೈಪಿಗೆ ಕಿವಿ ಕೊಟ್ಟು ಸದ್ದು ಕೇಳಿ ತಿಳಿಯಬೇಕು. ದಿಣ್ಣೆ ಮೇಲಿನ ಬೀದಿಗೆ ನೀರು ಏರಬೇಕಾದ್ರೆ ತಗ್ಗಿನ ಬೀದಿಯ ವಾಲ್ವನ್ನು ಅರ್ಧ ಮುಚ್ಚಬೇಕು. ಎಷ್ಟು ಸುತ್ತು ಮುಚ್ಚಬೇಕು ಅನ್ನೋದು ಪ್ರತಿ ವಾಲ್ವಿಗೂ ಬೇರೆ, ಅದು ಎಲ್ಲೂ ಬರೆದಿಲ್ಲ, ಅವನ ತಲೆಯಲ್ಲಿದೆ. ಅವನ ಪಾಲಿಗೆ ಬರೋ 31 ವಾಲ್ವುಗಳಲ್ಲಿ ಕೆಲವು ಡಾಂಬರಿನ ಕೆಳಗೆ ಹೂತುಹೋಗಿವೆ. ಇನ್ನು ಲೈನಿಗೇ ನೇರ ಮೋಟರ್ ಹಾಕಿ ಎಳೆಯೋ ಮನೆಗಳಿವೆ. ಅವರು ಎಳೆದಷ್ಟೂ ಬೀದಿಯ ತುದಿಗೆ ಬರೋದು ಬರೀ ಗಾಳಿ.

"ಈಗ ಹೇಳು, ಮೋಟರ್ ಹಾಕಿದೋನು ನಂಗೆ ಐದು ಸ್ಟಾರ್ ಕೊಡ್ತಾನೆ. ಕೊನೇ ಮನೆ ಅಜ್ಜಿ ಒಂದು ಕೊಡ್ತಾಳೆ, ಅವಳದ್ದೂ ತಪ್ಪಿಲ್ಲ. ನಾನು ಅಜ್ಜಿಗೆ ನೀರು ಹತ್ತಿಸೋಕೆ ಅಂತ ಇವನ ವಾಲ್ವು ತಗ್ಗಿಸಿದ್ನೋ, ಅವನೂ ಒಂದು ಕೊಡ್ತಾನೆ. ಮೂರು ಆಯ್ತಲ್ಲ? ನಾಳೆಯಿಂದ ಬರಬೇಡ ಅಂತಾನೆ ಗುತ್ತಿಗೆದಾರ."

ಇದನ್ನು ಹೇಳೋಕೆ ಅವನಿಗೆ ಹಿಡಿದದ್ದು ಹತ್ತು ನಿಮಿಷ. ಸಭಾಂಗಣಕ್ಕೂ ಆ ಟೀ ಅಂಗಡಿಗೂ ಮುನ್ನೂರು ಮೀಟರ್ ದೂರ. 40 ತಂಡ, ಎಂಟು ಮೆಂಟರು, ಮೂವರು ಜ್ಯೂರಿಗಳ ನಡುವೆ ಯಾರಿಗೂ ಇದು ಹೊಳೆದಿರಲಿಲ್ಲ. ಹೊಳೆಯೋ ವಿಷಯ ಇದಲ್ಲ, ಕೇಳಿ ತಿಳಿಯೋ ವಿಷಯ. ನಮ್ಮೂರಲ್ಲಿ ನೀರುಗಂಟಿ ಒಳ್ಳೆಯವನೋ ಕೆಟ್ಟವನೋ ಅಂತ ತೂಬಿನ ಪಕ್ಕದ ಗದ್ದೆಯವನನ್ನು ಯಾರೂ ಕೇಳ್ತಿರಲಿಲ್ಲ. ಕಾಲುವೆಯ ತುದಿಗೆ ಹೋಗಿ ಪೈರು ನೋಡ್ತಿದ್ದರು. ಆ ಊರಿನವರು ಅಳತೆಯ ವಿಷಯದಲ್ಲಿ ಈ ಆ್ಯಪ್‌ಗಿಂತ ಮುಂದಿದ್ದರು.

ತಮಾಷೆ ಏನಂದ್ರೆ ಈ ಆಟವನ್ನು ನಮ್ಮ ರಾಜ್ಯ ಒಂದು ಸಲ ಆಡಿ ನೋಡಿದೆ. ನೆಕ್ಸ್ಟ್‌ಡ್ರಾಪ್ ನೆನಪಿದೆಯಾ? ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಶುರುವಾಗಿ, ಹುಬ್ಬಳ್ಳಿ-ಧಾರವಾಡದಲ್ಲಿ ಬೇರೂರಿದ ಪ್ರಯತ್ನ ಅದು. ವಾಲ್ವ್‌ಮನ್ ನೀರು ಬಿಟ್ಟಾಗ ಒಂದು ನಂಬರಿಗೆ ಫೋನ್ ಮಾಡ್ತಾನೆ, ಆ ಬೀದಿಯವರಿಗೆ ಎಸ್ಸೆಮ್ಮೆಸ್ ಹೋಗುತ್ತೆ. 2011ರಲ್ಲಿ ನೈಟ್ ಫೌಂಡೇಶನ್ 3,75,000 ಡಾಲರ್ ಕೊಟ್ಟಿತು. ಆಮೇಲೆ ಬೆಂಗಳೂರಿಗೂ ಬಂತು. ಅವರು ನಮ್ಮ ಹಾಗೆ ಎಸಿ ಹಾಲಿನಲ್ಲಿ ಕೂರಲಿಲ್ಲ. ಊರಲ್ಲಿ ನಿಂತು ವರ್ಷಗಟ್ಟಲೆ ಕೆಲಸ ಮಾಡಿದರು, ಯಂತ್ರಕ್ಕಿಂತ ಮೊದಲು ವಾಲ್ವ್‌ಮನ್‌ನ ಹತ್ತಿರ ಹೋದರು. ಈ ಬರಹದಲ್ಲಿ ನಾನು ಕೇಳ್ತಿರೋದರಲ್ಲಿ ಅರ್ಧ ಅವರು ಮಾಡಿದ್ದರು.

ಬೆಂಗಳೂರಿನಲ್ಲಿ ಅದರಿಂದ ಏನಾಯ್ತು ಅಂತ ಬರ್ಕ್ಲಿಯ ಸಂಶೋಧಕರೇ ಮನೆಮನೆಗೆ ಹೋಗಿ ಅಳೆದು 2018ರಲ್ಲಿ ಪ್ರಕಟಿಸಿದರು. ನೀರಿಗಾಗಿ ಕಾಯೋ ಸಮಯ ಹೆಚ್ಚುಕಡಿಮೆ ಇದ್ದಷ್ಟೇ ಇತ್ತು. ಬಡವರ ಮನೆಗಳಲ್ಲಿ ಆತಂಕ ಸ್ವಲ್ಪ ತಗ್ಗಿತ್ತು, ಅಷ್ಟೇ. ಯಾಕೆ? ವಾಲ್ವ್‌ಮನ್‌ಗಳಿಂದ ಪ್ರತಿ ಸಲವೂ ಸಂದೇಶ ಬರ್ತಿರಲಿಲ್ಲ. ಬಂದದ್ದೂ ಎಷ್ಟೋ ಮನೆಗಳಲ್ಲಿ ನೀರಿಗೆ ಕಾಯೋ ಹೆಂಗಸಿಗೆ ಮುಟ್ಟುತ್ತಿರಲಿಲ್ಲ, ಯಾಕಂದ್ರೆ ಫೋನ್ ಇನ್ನೊಬ್ಬರ ಜೇಬಿನಲ್ಲಿ. ವಾಲ್ವ್‌ಮನ್‌ಗಳು ಯಾಕೆ ಸಂದೇಶ ಕಳಿಸಲಿಲ್ಲ ಅನ್ನೋದರ ಮೇಲೇ ಇನ್ನೊಂದು ಅಧ್ಯಯನ ಬಂತು. ಅದರಲ್ಲಿ ಸಿಕ್ಕ ಅಡ್ಡಿ ಏನು ಗೊತ್ತಾ? ಅವರ ಹೆಗಲ ಮೇಲಿನ ಸಂಸಾರದ, ದುಡ್ಡಿನ ಭಾರ. ಇದಕ್ಕೆ ಯಾವ ಫ್ರೇಮ್‌ವರ್ಕ್ ಹಾಕ್ತೀರಿ?

ಇಷ್ಟು ದುಡ್ಡು, ಇಷ್ಟು ಶ್ರದ್ಧೆ, ಇಷ್ಟು ವರ್ಷ ಹಾಕಿದವರು ಎಡವಿದ ಜಾಗ ಕಣ್ಣ ಮುಂದೆ ಇದೆ, ಕನ್ನಡನಾಡಿನಲ್ಲೇ ಇದೆ. ನಮ್ಮ ಹ್ಯಾಕಥಾನ್‌ನ ಸಮಸ್ಯೆಗಳ ಹಾಳೆಯಲ್ಲಿ ಅದರ ಬಗ್ಗೆ ಒಂದು ಸಾಲು ಇರಲಿಲ್ಲ. ಇದ್ದಿದ್ದರೆ ಹುಡುಗರು ಅಲ್ಲಿಂದ ಮುಂದೆ ಯೋಚಿಸ್ತಿದ್ದರು. ಪ್ರತಿ ವರ್ಷ ಪಾಟಿ ಒರೆಸಿ ಮತ್ತೆ ಅ ಆ ಇ ಈ ಬರೆಸಿದರೆ ಯಾರು ಕಾಗುಣಿತಕ್ಕೆ ಹೋಗ್ತಾರೆ?

ಜ್ಯೂರಿ ಕೋಣೆಯಲ್ಲಿ ಇದನ್ನೆಲ್ಲ ಹೇಳಿದೆ. ಸ್ಟಾರ್ ವಿಷಯಕ್ಕೆ ಹತ್ತಕ್ಕೆ ಎರಡು ಕೊಟ್ಟೆ. ಉಳಿದಿಬ್ಬರು ಒಳ್ಳೆಯವರೇ, ಗಮನ ಇಟ್ಟು ಕೇಳಿದರು. "ಪಾಯಿಂಟ್ ಇದೆ, ಬಟ್ ಎಕ್ಸಿಕ್ಯೂಷನ್ ಸೂಪರ್" ಅಂದರು. ಫಾರ್ಮಿನಲ್ಲಿ ಯುಐಗೆ 20 ಅಂಕ, ಪ್ರೆಸೆಂಟೇಷನ್‌ಗೆ 20. ಇದರಿಂದ ಯಾರ ಅನ್ನಕ್ಕೆ ಕಲ್ಲು ಬೀಳುತ್ತೆ ಅನ್ನೋದಕ್ಕೆ ಕಾಲಮ್ಮೇ ಇರಲಿಲ್ಲ.

ಅದೇ ದಿನ ಸೋತ ಒಂದು ತಂಡದ ಬಗ್ಗೆಯೂ ಹೇಳಬೇಕು. ಉತ್ತರ ಕರ್ನಾಟಕದ ಮೂವರು ಹುಡುಗರು. ತಮ್ಮ ಹಾಸ್ಟೆಲಿನ ಟ್ಯಾಂಕಿಗೆ ಎಷ್ಟು ಹೊತ್ತಿಗೆ ನೀರು ಬರುತ್ತೆ, ಯಾವ ಮಹಡಿಯಲ್ಲಿ ಎಷ್ಟು ಹೊತ್ತಿಗೆ ಖಾಲಿ ಆಗುತ್ತೆ ಅಂತ ಮೂರು ವಾರ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದರು. ಆ್ಯಪ್ ಸುಮಾರಾಗಿತ್ತು. ಒಬ್ಬ ಕನ್ನಡದಲ್ಲಿ ವಿವರಿಸೋಕೆ ಶುರು ಮಾಡಿದ. ಲೆಕ್ಕ ಎಷ್ಟು ಸ್ಪಷ್ಟ ಅಂದ್ರೆ ಮೂರನೇ ಮಹಡಿಯ ಯಾವ ವಾಲ್ವ್ ಕೆಟ್ಟಿದೆ ಅಂತಲೂ ಹೇಳಿಬಿಟ್ಟ. ವಾಲಂಟಿಯರ್ ಬಂದು "ಇಂಗ್ಲಿಷ್ ಪ್ಲೀಸ್, ರೆಕಾರ್ಡ್ ಆಗ್ತಿದೆ" ಅಂದಳು. ಆಮೇಲೆ ಹುಡುಗ ಸ್ಲೈಡ್ ಓದಿದ. ಆ ಸಭೆಯಲ್ಲಿ ನಿಜವಾದ ಇಂಜಿನಿಯರಿಂಗ್ ಮಾಡಿಕೊಂಡು ಬಂದಿದ್ದ ಒಂದೇ ತಂಡ ಮೊದಲ ಸುತ್ತಿನಲ್ಲೇ ಮನೆಗೆ ಹೋಯ್ತು.

ಈಗ ನಿಮ್ಮ ಆಕ್ಷೇಪಗಳು. ಹುಡುಗರು ಗಿಟ್ ಕಲೀತಾರೆ, ರಾತ್ರಿ ಎಲ್ಲ ಕೂತು ಒಟ್ಟಿಗೆ ಕೆಲಸ ಮಾಡೋದು ಕಲೀತಾರೆ, ನಾಲ್ಕು ಜನರ ಮುಂದೆ ನಿಂತು ಮಾತಾಡೋದು ಕಲೀತಾರೆ ಅಂತೀರಿ. ಒಪ್ಪಿದೆ. ಹಳ್ಳಿಯಿಂದ ಬಂದ ಮಕ್ಕಳಿಗೆ ಆ ಧೈರ್ಯ ದೊಡ್ಡದು, ನನಗೆ ಅದು ಗೊತ್ತು. ಅದನ್ನು ಕಲಿಯೋಕೆ ಒಂದು ಆಟ ಬರೆಯಲಿ, ಕ್ಯಾಂಟೀನ್ ಕೂಪನ್ನಿನ ಸಾಫ್ಟ್‌ವೇರ್ ಬರೆಯಲಿ. ನೆಲ ಅಗೆದು ನೀರು ಬಿಡುವವನ ಹೊಟ್ಟೆಪಾಡು ಯಾಕೆ ಅಭ್ಯಾಸದ ಹಲಗೆ ಆಗಬೇಕು? "ಅದು ಬರೀ ಡೆಮೊ, ಯಾರೂ ಬಳಸಲ್ಲ" ಅಂತೀರಿ. ಆ್ಯಪ್ ಉಳಿಯಲ್ಲ, ಸರಿ. ಮನೋಭಾವ ಉಳಿಯುತ್ತೆ. ಅದೇ ಹುಡುಗರು ನಾಲ್ಕು ವರ್ಷದಲ್ಲಿ ನಮ್ಮ ಪಕ್ಕದ ಸೀಟಿಗೆ ಬರ್ತಾರೆ. ಡೆಲಿವರಿ ಹುಡುಗನಿಗೆ ಸ್ಟಾರ್, ಮನೆಗೆಲಸದವಳಿಗೆ ಸ್ಟಾರ್, ಕ್ಯಾಬ್ ಡ್ರೈವರಿಗೆ ಸ್ಟಾರ್ ಇಟ್ಟವರು ಎಲ್ಲಿಂದಲೋ ಉದುರಿದವರಲ್ಲ, ನಮ್ಮ ನಿಮ್ಮಂಥವರೇ.

ಗೆಳೆಯನ ವಿಷಯಕ್ಕೆ ಬಂದರೆ, ಅವನಿಗೆ ಬೇಕಿರೋದು ಬಹಳ ಚಿಕ್ಕದು. ಅವನ ಬೀದಿಗಳಿಗೆ ಈಗಾಗಲೇ ಒಂದು ವಾಟ್ಸ್‌ಆ್ಯಪ್ ಗುಂಪಿದೆ. ಕೀ ತಿರುಗಿಸಿದ ಕೂಡಲೇ "ಮೂರನೇ ಕ್ರಾಸಿಗೆ ಬಿಟ್ಟಿದೀನಿ, ಹಿಡ್ಕೊಳ್ಳಿ" ಅಂತ ವಾಯ್ಸ್ ಕಳಿಸ್ತಾನೆ, ರೀಚಾರ್ಜ್ ಅವನದೇ. ಅವನಿಗೆ ಬೇಕಿರೋದು ತನಗೆ ಬರಬೇಕಾದ ಸುದ್ದಿ: ಇವತ್ತು ಪಂಪಿಂಗ್ ತಡವಾಗುತ್ತಾ, ಒತ್ತಡ ಕಡಿಮೆಯಾ. 40 ತಂಡಗಳೂ ಅವನಿಂದ ಮಾಹಿತಿ ಎಳೆಯೋಕೆ ಹೊರಟಿದ್ದವು. ಅವನಿಗೆ ಮಾಹಿತಿ ಕೊಡೋಣ ಅಂದವರು ಒಬ್ಬರೂ ಇಲ್ಲ. ಎರಡನೆಯದು, ಅವನ ತಲೆಯಲ್ಲಿರೋ ವಾಲ್ವುಗಳ ಲೆಕ್ಕವನ್ನು ಬರೆದಿಡೋದು. ಮೂರು ಭಾನುವಾರ ಅವನ ಎಕ್ಸೆಲ್ ಹಿಂದೆ ಕೂತು ಸುತ್ತಿದೆ. 31ರಲ್ಲಿ 19 ಆಗಿವೆ. ಒಂದು ಸಾದಾ ಸ್ಪ್ರೆಡ್‌ಶೀಟು, ಕನ್ನಡದಲ್ಲಿ, ಅವನ ಫೋನಿನಲ್ಲೇ ಇದೆ. ಯಾರಿಗೆ ತೋರಿಸಬೇಕು ಅನ್ನೋದು ಅವನ ಇಷ್ಟ. ಬೇಡ ಅಂದು ಅವನನ್ನು ಕೆಲಸದಿಂದ ತೆಗೆಯೋಕೆ ಹೊರಟವರಿಗೆ, ಅವನು ಏನು ಬಲ್ಲ ಅಂತ ತೋರಿಸೋಕೆ ಈಗ ಅವನ ಹತ್ತಿರ ಒಂದು ಕಾಗದ ಇದೆ.

ಹಾಗಾದರೆ ಏನು ಮಾಡೋಣ? ಕಾಲೇಜುಗಳಿಗೆ ನನ್ನ ಬೇಡಿಕೆ ನಾಲ್ಕು. ಒಂದು, 24 ಗಂಟೆಯ ಜಾತ್ರೆ ಬಿಟ್ಟು ಒಂದು ಸೆಮಿಸ್ಟರಿನ ಶನಿವಾರಗಳನ್ನು ಕೊಡಿ. ಮೊದಲ ನಾಲ್ಕು ಶನಿವಾರ ಲ್ಯಾಪ್‌ಟಾಪ್ ತೆರೆಯೋದೇ ಬೇಡ, ಬೀದಿಗೆ ಹೋಗಲಿ. ಎರಡು, ಯಾರ ಕೆಲಸದ ಮೇಲೆ ಆ್ಯಪ್ ಮಾಡ್ತೀರೋ ಅವರೊಬ್ಬರನ್ನು ಜ್ಯೂರಿಯಲ್ಲಿ ಕೂರಿಸಿ, ಆ ದಿನದ ಕೂಲಿ ಕಟ್ಟಿ ಕೊಡಿ. ಮೂರು, ಅವರ ಭಾಷೆಯಲ್ಲಿ ಅವರಿಗೆ ವಿವರಿಸೋಕಾಗದ ತಂಡಕ್ಕೆ ಬಹುಮಾನ ಬೇಡ. ನಾಲ್ಕು, ಹೋದ ವರ್ಷ ಗೆದ್ದದ್ದು ಇವತ್ತು ಎಲ್ಲಿ ಓಡ್ತಿದೆ ಅಂತ ತೋರಿಸಿ, ಆಮೇಲೆ ಈ ವರ್ಷದ ಚೆಕ್ ಬರೆಯಿರಿ.

ಕಾಲೇಜುಗಳು ತಾವಾಗೇ ಇದನ್ನು ಮಾಡಲ್ಲ. ಮಾಡಿಸಬಲ್ಲವರು ನಾವು. ಬ್ಯಾನರಿನ ದುಡ್ಡು ನಮ್ಮ ಕಂಪನಿಗಳದು, ಜ್ಯೂರಿಯ ಕುರ್ಚಿಯಲ್ಲಿ ಕೂರೋರು ನಾವು. ಮುಂದಿನ ಸಲ ಎಚ್‌ಆರ್‌ನಿಂದ "ಮೆಂಟರ್ ಬೇಕಾಗಿದ್ದಾರೆ" ಅಂತ ಮೇಲ್ ಬಂದಾಗ ಹೂಂ ಅನ್ನೋ ಮುಂಚೆ ಒಂದೇ ಪ್ರಶ್ನೆ ಕೇಳಿ: ಈ ಸಮಸ್ಯೆಯನ್ನು ದಿನಾ ಹೊರೋ ಮನುಷ್ಯ ಆ ದಿನ ಒಳಗೆ ಇರ್ತಾನಾ, ಗೇಟಿನ ಹೊರಗೆ ಇರ್ತಾನಾ? ಹೊರಗೆ ಅಂದರೆ ಹೋಗಬೇಡಿ. ನಾನಂತೂ ಹೋಗ್ತಿಲ್ಲ, ಇನ್ನೂ 12 ವಾಲ್ವ್ ಹುಡುಕೋದು ಬಾಕಿ ಇದೆ.